ಟಿವಿ ಕೇಬಲ್ಲಿನಲ್ಲಿ ಹ್ಯಾಮ್ ರೇಡಿಯೊ ನಡೆಯುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದು ಒಂದು ವರ್ಷ ಆಯಿತು. 10 ವಾಟಿನ ಮೈಕ್ರೊ ಬಿಟ್‌ಎಕ್ಸ್ ರೇಡಿಯೊ ಇದೆ. ತೋಟದಲ್ಲಿ ಅಡಿಕೆ ಮರಗಳ ನಡುವೆ, ಸುಮಾರು 10 ಮೀಟರ್ ಎತ್ತರದಲ್ಲಿ, 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್) ಡೈಪೋಲ್, ಅಂದರೆ ನಡುವೆ ಕೇಬಲ್ ಸಿಕ್ಕಿಸುವ ಎರಡು ತಂತಿಯ ಆಂಟೆನಾ, ಕಟ್ಟಬೇಕು ಅಂತಿದ್ದೇನೆ. ಮನೆಯಿಂದ ಅಲ್ಲಿಗೆ 30 ಮೀಟರ್ ಕೇಬಲ್ ಬೇಕು. 50 ಓಮಿನ ದಪ್ಪ ಕೇಬಲ್ ಆರ್‌ಜಿ-213ರ ರೇಟು ಕೇಳಿ ಸುಮ್ನೆ ವಾಪಸ್ ಬಂದೆ. ಅದಕ್ಕಿಂತ ತೆಳ್ಳಗಿನ ಆರ್‌ಜಿ-58 ಹಾಕಿದರೆ ಇರುವ ಹತ್ತು ವಾಟನ್ನೂ ಕೇಬಲ್ಲೇ ತಿಂದುಬಿಡುತ್ತದೆ ಅಂತ ಒಬ್ಬರು ಹೆದರಿಸಿದರು. ಡಿಶ್ ಹಾಕಿಸಿದಾಗ ಉಳಿದ ಆರ್‌ಜಿ-6 ಸುರುಳಿ ಅಟ್ಟದ ಮೇಲಿದೆ. ಆದರೆ ಅದು 75 ಓಮ್, ರೇಡಿಯೊ 50 ಓಮ್. ಹಾಕಬಹುದಾ? ಮುಂದೆ ಮಹಡಿ ಮೇಲೆ 2 ಮೀಟರ್ ಬ್ಯಾಂಡಿನ ಆಂಟೆನಾ ಹಾಕುವ ಆಸೆಯೂ ಇದೆ.

ಉತ್ತರ: ಹಾಕಿ. ಇವತ್ತೇ ಅಟ್ಟ ಹತ್ತಿ ಆ ಸುರುಳಿ ಕೆಳಗಿಳಿಸಿ. ನಿಮ್ಮ ಡೈಪೋಲಿಗೆ ಅದು ಆರ್‌ಜಿ-58ಕ್ಕಿಂತ ಒಳ್ಳೆಯ ಕೇಬಲ್.

ಮೊದಲು ಈ 75 ಓಮಿನ ಭೂತ ಬಿಡಿಸೋಣ. ಇಲ್ಲಿ ಓಮ್ ಅಂದರೆ ಇಂಪೀಡೆನ್ಸ್, ರೇಡಿಯೊ, ಕೇಬಲ್, ಆಂಟೆನಾ ಮೂರಕ್ಕೂ ಒಂದಕ್ಕೊಂದು ಹೊಂದಬೇಕಾದ ಅಂಕಿ. 75 ಓಮ್ ಕೇಬಲ್ಲನ್ನು 50 ಓಮ್ ರೇಡಿಯೊಗೆ ಸಿಕ್ಕಿಸಿದರೆ ಎಸ್‌ಡಬ್ಲ್ಯುಆರ್ (ಹೊಂದಾಣಿಕೆಯ ಅಳತೆ, 1 ಅಂದರೆ ಪೂರ್ತಿ ಸರಿ) 1.5ರ ಆಸುಪಾಸು ಬರುತ್ತದೆ. 1.5 ಅಂದರೆ ಶೇಕಡಾ 4ರಷ್ಟು ಪವರ್ ವಾಪಸ್ ತಿರುಗುತ್ತದೆ, ಅಷ್ಟೆ. ನಿಮ್ಮ 10 ವಾಟಿನಲ್ಲಿ ಅರ್ಧ ವಾಟೂ ಇಲ್ಲ. ಅದೂ ಪೂರ್ತಿ ಹಾಳಾಗುವುದಿಲ್ಲ. ಇನ್ನು ಆ ಕಡೆಯ ತುದಿ ನೋಡಿ. ಡೈಪೋಲ್ ಹುಟ್ಟಾ 50 ಓಮಿನದ್ದಲ್ಲ. ಸುತ್ತ ಏನೂ ಇಲ್ಲದ ಜಾಗದಲ್ಲಿ ಅದು 73 ಓಮ್. ನೆಲದಿಂದ 10 ಮೀಟರ್ ಮೇಲೆ ಉದ್ದಕ್ಕೆ ಕಟ್ಟಿದ 40 ಮೀಟರ್ ಡೈಪೋಲ್ 50ಕ್ಕಿಂತ 75ಕ್ಕೇ ಹತ್ತಿರ ನಿಲ್ಲುತ್ತದೆ. ಎರಡೂ ತುದಿ ಕೆಳಕ್ಕೆ ಇಳಿಸಿ ತಲೆಕೆಳಗಾದ ವಿ ಮಾಡಿದರೆ ಮಾತ್ರ 50ರ ಕಡೆಗೆ ಬರುತ್ತದೆ. ಅಂದರೆ ಆಂಟೆನಾಕ್ಕೂ ಟಿವಿ ಕೇಬಲ್ಲಿಗೂ ಜೋಡಿ ಚೆನ್ನಾಗಿದೆ. ತಕರಾರು ಇರುವುದು ರೇಡಿಯೊ ತುದಿಯಲ್ಲಿ, ಅದೂ ಸಣ್ಣದು.

ಒಂದು ಕುತೂಹಲದ ವಿಷಯ. ನಡುವೆ ತಂತಿ, ಸುತ್ತ ಜಾಲರಿ ಇರುವ ಇಂಥ ಕೇಬಲ್ಲಿಗೆ ಕೊಆಕ್ಸ್ ಅನ್ನುತ್ತಾರೆ. ಒಳಗೆ ಬರೀ ಗಾಳಿ ಇರುವ ಕೊಆಕ್ಸಿನಲ್ಲಿ ನಷ್ಟ ಅತಿ ಕಡಿಮೆ ಆಗುವುದು 77 ಓಮಿನ ಸುಮಾರಿಗೆ. ಪವರ್ ತಡೆಯುವ ಶಕ್ತಿ ಅತಿ ಜಾಸ್ತಿ ಇರುವುದು 30 ಓಮಿನ ಸುಮಾರಿಗೆ. 50 ಅನ್ನುವುದು ಇವೆರಡರ ನಡುವಿನ ರಾಜಿ. ಸಣ್ಣ ಸಿಗ್ನಲ್ಲನ್ನು ಕಳೆಯದೆ ತರಬೇಕಾದ ಟಿವಿಯವರಿಗೆ 75 ಸರಿಹೋಯಿತು. ನಿಮಗೂ ಅದೇ ಬೇಕಿರುವುದು, ಅಲ್ವಾ?

ಈಗ ಲೆಕ್ಕ. ಡಿಬಿ ಅಂದರೆ ನಷ್ಟದ ಅಳತೆ, 3 ಡಿಬಿ ಹೋದರೆ ಪವರ್ ಅರ್ಧ. 7 ಮೆಗಾಹರ್ಟ್ಸಿನಲ್ಲಿ 30 ಮೀಟರ್ ಆರ್‌ಜಿ-58 ಸುಮಾರು 1.2 ಡಿಬಿ ತಿನ್ನುತ್ತದೆ. ನಿಮ್ಮ 10 ವಾಟಿನಲ್ಲಿ 7.6 ವಾಟ್ ಆಂಟೆನಾ ತಲುಪುತ್ತದೆ. ಆರ್‌ಜಿ-213 ಅರ್ಧ ಡಿಬಿ ತಿನ್ನುತ್ತದೆ, 8.9 ವಾಟ್ ತಲುಪುತ್ತದೆ. ಆರ್‌ಜಿ-6 ಮುಕ್ಕಾಲು ಡಿಬಿ ಅಂತಿಟ್ಟುಕೊಳ್ಳಿ, 8.4 ವಾಟ್. ಆ ಕಡೆ ಕೇಳುವವರ ಮೀಟರಿನಲ್ಲಿ ಒಂದು ಎಸ್ ಪಾಯಿಂಟ್, ಅಂದರೆ ಸಿಗ್ನಲ್ ಬಲದ ಒಂದು ಗೆರೆ, 6 ಡಿಬಿ. ನಿಮ್ಮ ಮೂರು ಕೇಬಲ್ಲುಗಳ ನಡುವಿನ ವ್ಯತ್ಯಾಸ ಒಂದು ಡಿಬಿಯೂ ಇಲ್ಲ. ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಕೂತವರಿಗೆ ನೀವು ಯಾವ ಕೇಬಲ್ ಹಾಕಿದ್ದೀರಿ ಅಂತ ಗೊತ್ತೂ ಆಗುವುದಿಲ್ಲ. ಕೇಳುವಾಗಲಂತೂ ಇದು ಲೆಕ್ಕಕ್ಕೇ ಇಲ್ಲ. 40 ಮೀಟರಿನಲ್ಲಿ ಆಕಾಶದಿಂದ ಬರುವ ಗದ್ದಲ ಎಷ್ಟಿರುತ್ತದೆ ಅಂದರೆ, ಕೇಬಲ್ಲಿನಲ್ಲಿ ಒಂದು ಡಿಬಿ ಕಳೆದರೆ ಗದ್ದಲವೂ ಒಂದು ಡಿಬಿ ಇಳಿಯುತ್ತದೆ. ಮಾತು ಮೊದಲಿನಷ್ಟೇ ಸ್ಪಷ್ಟ. ಹಾಗಾಗಿ ಆರ್‌ಜಿ-58 ಬಗ್ಗೆ ನಿಮ್ಮನ್ನು ಹೆದರಿಸಿದವರು ಈ ಬ್ಯಾಂಡಿನ ಮಟ್ಟಿಗೆ ಸ್ವಲ್ಪ ಜಾಸ್ತಿಯೇ ಹೆದರಿಸಿದ್ದಾರೆ.

ಹಾಗಾದರೆ ಯಾವುದಕ್ಕೆ ಹೆದರಬೇಕು? ನೀರಿಗೆ. ತೀರ್ಥಹಳ್ಳಿ ಕಡೆಯವರಿಗೆ ನಾನು ಮಳೆ ಪಾಠ ಹೇಳಬೇಕಾಗಿಲ್ಲ. ಆದರೂ ನನ್ನದೊಂದು ಕಥೆ ಕೇಳಿ.

ನನ್ನ ಮೊದಲ ಡೈಪೋಲಿಗೆ ಆರ್‌ಜಿ-58 ಹಾಕಿದ್ದೆ. ಮೇಲಿನ ತುದಿಗೆ ವಯರಿಂಗ್ ಟೇಪ್ ಎರಡು ಸುತ್ತು ಸುತ್ತಿ ಏರಿಸಿಬಿಟ್ಟೆ. ಮೊದಲ ದಿನ ಎಸ್‌ಡಬ್ಲ್ಯುಆರ್ 1.8 ಇತ್ತು. ಒಂದು ಮಳೆಗಾಲ ಕಳೆಯಿತು, 1.6 ಆಯಿತು. ಮೂರನೇ ಮಳೆಗಾಲ ಮುಗಿಯುವ ಹೊತ್ತಿಗೆ 1.3. ಅದೂ 7.0ರಿಂದ 7.2ರವರೆಗೆ, ಇಡೀ ಬ್ಯಾಂಡಿನಲ್ಲಿ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಆಂಟೆನಾ ವರ್ಷ ಕಳೆದಂತೆ ಮಾಗುತ್ತಿದೆ ಅಂತ ಖುಷಿಪಟ್ಟೆ. ಒಂದೇ ಬೇಜಾರು, ಯಾರಿಗೂ ನನ್ನ ದನಿ ಕೇಳುತ್ತಿರಲಿಲ್ಲ. ಕೊನೆಗೆ ಇಳಿಸಿ ತುದಿ ಕತ್ತರಿಸಿದೆ. ಒಳಗಿನ ತಾಮ್ರದ ಜಾಲರಿ ಕಪ್ಪಗಾಗಿ, ಮುಟ್ಟಿದರೆ ಪುಡಿ. ಇನ್ನೊಂದು ಮೀಟರ್ ಕತ್ತರಿಸಿದೆ, ಅಲ್ಲೂ ಕಪ್ಪು. ಜಾಲರಿ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆದುಕೊಂಡಿತ್ತು. ವಾಪಸ್ ಬರಬೇಕಾದ ಪವರನ್ನು ಕೇಬಲ್ಲೇ ನುಂಗುತ್ತಿದ್ದರೆ ಮೀಟರಿಗೆ ಏನು ಕಾಣಬೇಕು ಹೇಳಿ. ಆಮೇಲೆ ಲೆಕ್ಕ ಹಾಕಿದೆ. 1.8 ಇದ್ದದ್ದು 1.3 ಆಗಬೇಕಾದರೆ ಮೂರು ಡಿಬಿಗೂ ಜಾಸ್ತಿ ನಷ್ಟ ಸೇರಿಕೊಂಡಿರಬೇಕು. ಅಂದರೆ ಅರ್ಧಕ್ಕಿಂತ ಹೆಚ್ಚು ಪವರ್ ಆ ಕಪ್ಪು ಜಾಲರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಅಂದಿನಿಂದ, ಯಾರಾದರೂ ‘ನನ್ನ ಎಸ್‌ಡಬ್ಲ್ಯುಆರ್ ಎಲ್ಲ ಕಡೆ 1.1’ ಅಂದರೆ ನಾನು ಮೊದಲು ಕೇಳುವುದು ಕೇಬಲ್ಲಿನ ವಯಸ್ಸು.

ಈಗ ನಿಮ್ಮ ಸುರುಳಿ ಪರೀಕ್ಷೆ ಮಾಡೋಣ. ತುದಿಯಿಂದ ಒಂದು ಬೆರಳುದ್ದ ಕತ್ತರಿಸಿ, ಸಿಪ್ಪೆ ಬಿಡಿಸಿ. ಸುತ್ತ ಬೆಳ್ಳಿ ಕಾಗದದ ಹಾಗೆ ಅಲ್ಯೂಮಿನಿಯಂ ಹಾಳೆ ಇರಬೇಕು, ಅದರ ಮೇಲೆ ಅಲ್ಯೂಮಿನಿಯಂ ಜಾಲರಿ. ಬೂದು ಕಲೆ, ಬಿಳಿ ಪುಡಿ ಇದ್ದರೆ ಇನ್ನಷ್ಟು ಕತ್ತರಿಸಿ ನೋಡಿ. ನಡುವಿನ ತಂತಿಗೆ ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಟಿವಿ ಕೇಬಲ್ಲುಗಳಲ್ಲಿ ಇದು ಮಾಮೂಲು, ಗಾಬರಿ ಬೇಡ. ರೇಡಿಯೊ ಕರೆಂಟ್ ತಂತಿಯ ಮೇಲ್ಮೈಯಲ್ಲೇ ಹರಿಯುತ್ತದೆ. 7 ಮೆಗಾಹರ್ಟ್ಸಿನಲ್ಲಿ ಅದು ತಾಮ್ರದೊಳಗೆ ಇಳಿಯುವುದು ಸುಮಾರು 25 ಮೈಕ್ರಾನ್. ಆ ಲೇಪ ಅಷ್ಟಕ್ಕೆ ಹೆಚ್ಚೂಕಡಿಮೆ ಸಾಕು. 160 ಮೀಟರ್ ಬ್ಯಾಂಡಿಗೆ ಹೋದರೆ ಸುಮಾರು 50 ಮೈಕ್ರಾನ್ ಬೇಕು, ಆಗ ಉಕ್ಕಿನ ಪಾಲು ಶುರುವಾಗುತ್ತದೆ. ಮುಂದೆ 80, 160 ಮೀಟರಿನ ಯೋಚನೆ ಇದ್ದರೆ ನಡುವೆ ಪೂರ್ತಿ ತಾಮ್ರ ಇರುವ ಆರ್‌ಜಿ-6 ಹುಡುಕಿ.

ಗೆಳೆಯರ ಹತ್ತಿರ ನ್ಯಾನೊವಿಎನ್‌ಎ (ಆಂಟೆನಾ, ಕೇಬಲ್ ಅಳೆಯುವ ಪುಟ್ಟ ಯಂತ್ರ) ಇದ್ದರೆ ಒಂದು ಸಂಜೆಗೆ ತನ್ನಿ. ಕೇಬಲ್ಲಿನ ದೂರದ ತುದಿಯಲ್ಲಿ ನಡುತಂತಿಯನ್ನೂ ಜಾಲರಿಯನ್ನೂ ಒಟ್ಟಿಗೆ ಸೇರಿಸಿ ಶಾರ್ಟ್ ಮಾಡಿ. ಈ ತುದಿಯಲ್ಲಿ ರಿಟರ್ನ್ ಲಾಸ್ ಓದಿ, ಅಂದರೆ ವಾಪಸ್ ಬಂದ ಸಿಗ್ನಲ್ ಎಷ್ಟು ಡಿಬಿ ಕಡಿಮೆ ಅಂತ. ಬಂದ ಅಂಕಿಯ ಅರ್ಧವೇ ಒಂದು ದಾರಿಯ ನಷ್ಟ. ಸಿಗ್ನಲ್ ಹೋಗಿ ವಾಪಸ್ ಬಂದಿದೆಯಲ್ಲ, ಅದಕ್ಕೆ ಅರ್ಧ. 75 ಓಮ್ ಕೇಬಲ್ಲನ್ನು 50 ಓಮಿನ ಯಂತ್ರದಲ್ಲಿ ಅಳೆಯುವಾಗ ಗೆರೆ ಏರಿಳಿಯುತ್ತದೆ. ಆದ್ದರಿಂದ 7.1 ಒಂದರಲ್ಲೇ ಓದಬೇಡಿ. 5ರಿಂದ 9 ಮೆಗಾಹರ್ಟ್ಸ್‌ವರೆಗೆ ಹರಡಿ, ಏರಿಳಿತದ ಸರಾಸರಿ ತೆಗೆದುಕೊಳ್ಳಿ. 30 ಮೀಟರಿಗೆ ಸರಾಸರಿ ಒಂದೂವರೆ ಡಿಬಿ ಬಂದರೆ ಕೇಬಲ್ ಆರೋಗ್ಯವಾಗಿದೆ. ನಾಲ್ಕೈದು ಬಂದರೆ ಅದನ್ನು ಬಟ್ಟೆ ಒಣಗಿಸಲು ಬಳಸಿ. ಶಾರ್ಟ್ ಮಾಡಿದ ಕೇಬಲ್ಲಿಗೆ ನಿಮ್ಮ ರೇಡಿಯೊದಿಂದ ಪವರ್ ಕಳಿಸಿ ಈ ಪರೀಕ್ಷೆ ಮಾಡಲೇಬೇಡಿ. ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸ ಮಾಡಿದ ಆ ಪುಟ್ಟ ರೇಡಿಯೊದ ಕೊನೆಯಲ್ಲಿ ಕೂತಿರುವುದು ಐಆರ್‌ಎಫ್510 ಟ್ರಾನ್ಸಿಸ್ಟರುಗಳು. ಪಾಪ, ಅವುಗಳ ಮೇಲೆ ಇಂಥ ಪ್ರಯೋಗ ಬೇಡ.

ಆರ್‌ಜಿ-6ರ ನಿಜವಾದ ತೊಂದರೆ ಕನೆಕ್ಟರಿನದ್ದು. ಅಲ್ಯೂಮಿನಿಯಂ ಜಾಲರಿಗೆ ಸೋಲ್ಡರ್ ಹಿಡಿಯುವುದಿಲ್ಲ. ಎಷ್ಟು ಕಾಯಿಸಿದರೂ ಒಳಗಿನ ನೊರೆಯಂಥ ಪ್ಲಾಸ್ಟಿಕ್ ಕರಗುತ್ತದೆಯೇ ಹೊರತು ಜಾಲರಿ ಅಂಟುವುದಿಲ್ಲ. ಆ ಹಟ ಬಿಟ್ಟು ಡಿಶ್ ಹುಡುಗರ ದಾರಿ ಹಿಡಿಯಿರಿ. ಎರಡೂ ತುದಿಗೆ ಎಫ್ ಕನೆಕ್ಟರ್ ಹಾಕಿಸಿ. ಕೈಯಲ್ಲಿ ತಿರುಗಿಸಿ ಕೂರಿಸುವುದು ಬೇಡ, ಉಪಕರಣದಲ್ಲಿ ಒತ್ತಿ ಕೂರಿಸುವ ಕಂಪ್ರೆಶನ್ ಮಾದರಿಯದ್ದೇ ಇರಲಿ. ರೇಡಿಯೊ ಕಡೆ ಎಫ್‌ನಿಂದ ಬಿಎನ್‌ಸಿಗೆ ಅಥವಾ ಪಿಎಲ್-259ಕ್ಕೆ ಹೋಗುವ ಅಡಾಪ್ಟರ್ ಬೇಕು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಕೇಳಿ. ದಪ್ಪ ಕೇಬಲ್ಲಿನ ಭಾರ ರೇಡಿಯೊದ ಸಾಕೆಟ್ ಮೇಲೆ ಬೀಳದ ಹಾಗೆ ಮೇಜಿನ ಹಿಂದೆ ಒಂದು ಕ್ಲಿಪ್ ಹೊಡೆಯಿರಿ.

ಆಂಟೆನಾ ಕಡೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ಅದಕ್ಕೆ ಎಫ್ ಸಾಕೆಟ್ ಕೂರಿಸಿ, ಬಾಯಿ ಕೆಳಮುಖವಾಗಿರಲಿ. ಸಾಕೆಟ್ಟಿನ ನಡುಗಡ್ಡಿಗೆ ಡೈಪೋಲಿನ ಒಂದು ತಂತಿ, ಹೊರಮೈಗೆ ಲಗ್ ಹಾಕಿ ಇನ್ನೊಂದು ತಂತಿ. ಡಬ್ಬಿಯ ತಳಕ್ಕೆ ಒಂದು ಸಣ್ಣ ತೂತು ಬಿಡಿ. ಎಷ್ಟೇ ಮುಚ್ಚಿದರೂ ಒಳಗೆ ಬೆವರುತ್ತದೆ, ಆ ನೀರು ಹೋಗಲು ದಾರಿ ಬೇಕು. ಕನೆಕ್ಟರ್ ಮೇಲೆ ಮೊದಲು ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ. ಅದರ ಮೇಲೆ ಒಳ್ಳೆಯ ವಯರಿಂಗ್ ಟೇಪ್. ಸುತ್ತುವುದು ಕೆಳಗಿಂದ ಮೇಲಕ್ಕೆ, ಮನೆಗೆ ಹೆಂಚು ಹೊದಿಸುವ ಹಾಗೆ, ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಬೇಕು. ರಬ್ಬರ್ ಟೇಪ್ ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬ್ ಪಟ್ಟಿ ಕತ್ತರಿಸಿ ಬಿಗಿಯಾಗಿ ಎಳೆದು ಸುತ್ತಿ. ಆದರೆ ಆ ಕಪ್ಪು ರಬ್ಬರಿನಲ್ಲಿ ಇಂಗಾಲ ಇರುತ್ತದೆ. ಮುಚ್ಚಿದ ಕನೆಕ್ಟರ್ ಮೇಲೆ ಪರವಾಗಿಲ್ಲ, ಬೆತ್ತಲೆ ತಂತಿಗಳ ಮೇಲೆ ಬೇಡ. ಎಂ-ಸೀಲ್ ಮೆತ್ತುವವರೂ ಇದ್ದಾರೆ. ಗಟ್ಟಿ ನಿಲ್ಲುತ್ತದೆ, ಆದರೆ ಮುಂದೆ ಬಿಚ್ಚಬೇಕಾದರೆ ಸುತ್ತಿಗೆಯೇ ಗತಿ. ಹಣ ಉಳಿಸುವುದಾದರೆ ಕೇಬಲ್ಲಿನಲ್ಲಿ ಉಳಿಸಿ, ಈ ಒಂದು ಗೇಣು ಜಾಗದಲ್ಲಿ ಉಳಿಸಬೇಡಿ.

ಕೇಬಲ್ ಮನೆಯೊಳಗೆ ಬರುವ ಮೊದಲು ಕಿಟಕಿಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೆ ಬರಲಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ನಿಮ್ಮ ಕೇಬಲ್ ಹೊದಿಕೆ ಬಿಳಿಯದಾಗಿದ್ದರೆ ಬಿಸಿಲಿಗೆ ಬೇಗ ಬಿರುಕು ಬಿಡಬಹುದು. ಕಪ್ಪು ಬಾಳಿಕೆ ಜಾಸ್ತಿ.

ಡಬ್ಬಿಯ ಕೆಳಗೆ ಕೇಬಲ್ಲನ್ನೇ ಸುತ್ತಿ ಒಂದು ಚೋಕ್ (ಜಾಲರಿಯ ಹೊರಮೈ ಕರೆಂಟ್ ತಡೆಯುವ ಸುರುಳಿ) ಮಾಡಿ. 20 ಸೆಂಟಿಮೀಟರ್ ಅಗಲದ ಏಳೆಂಟು ಸುತ್ತು ಸಾಕು. ಇದಕ್ಕಿಂತ ತೀರ ಬಿಗಿಯಾಗಿ ಬಗ್ಗಿಸಿದರೆ ಒಳಗಿನ ನೊರೆ ಅಪ್ಪಚ್ಚಿಯಾಗಿ ನಡುತಂತಿ ಪಕ್ಕಕ್ಕೆ ಸರಿಯಬಹುದು. ಚೋಕ್ ಇಲ್ಲದಿದ್ದರೆ ಜಾಲರಿಯ ಹೊರಮೈಯೂ ಆಂಟೆನಾದ ಹಾಗೆ ಕೆಲಸ ಮಾಡುತ್ತದೆ, ಮನೆಯ ಎಲ್‌ಇಡಿ ಬಲ್ಬುಗಳ ಕಿರಿಕಿರಿಯೆಲ್ಲ ರೇಡಿಯೊಗೆ ಬರುತ್ತದೆ.

ಉದ್ದದಲ್ಲಿ ಒಂದು ಆಟ ಆಡಬಹುದು. ಅರ್ಧ ತರಂಗದಷ್ಟು ಉದ್ದದ ಕೇಬಲ್ ಆ ತುದಿಯಲ್ಲಿ ಏನಿದೆಯೋ ಅದನ್ನೇ ಈ ತುದಿಗೆ ತೋರಿಸುತ್ತದೆ. ಕೇಬಲ್ ಎಷ್ಟು ಓಮಿನದ್ದಾದರೂ ಸರಿ. ನೊರೆ ತುಂಬಿದ ಆರ್‌ಜಿ-6ರಲ್ಲಿ ಸಿಗ್ನಲ್ ಬೆಳಕಿನ ವೇಗದ ಸುಮಾರು 0.82 ಪಾಲಿನಲ್ಲಿ ಓಡುತ್ತದೆ. ಹಾಗಾಗಿ 7.1 ಮೆಗಾಹರ್ಟ್ಸಿಗೆ ಅರ್ಧ ತರಂಗ 17.3 ಮೀಟರ್, ಎರಡು ಅರ್ಧ 34.6 ಮೀಟರ್. ನಿಮಗೆ 30 ಬೇಕು, ಉಳಿದ ನಾಲ್ಕೂವರೆ ಮೀಟರ್ ಚೋಕಿನ ಸುತ್ತಿಗೆ ಸರಿಹೋಗುತ್ತದೆ. ಕಾಕತಾಳೀಯ ಚೆನ್ನಾಗಿದೆ. ಆದರೆ ಸುರುಳಿ 32 ಮೀಟರೇ ಇದ್ದರೆ ಅದಕ್ಕೋಸ್ಕರ ತಲೆ ಕೆಡಿಸಿಕೊಳ್ಳಬೇಡಿ.

ಅಕಸ್ಮಾತ್ ಆ ಸುರುಳಿ ಹಾಳಾಗಿದ್ದರೆ? ಆಗ ನನ್ನ ಮೆಚ್ಚಿನ ದಾರಿ ಬೇರೆ, ಬಯಲು ತಂತಿ. ಎರಡು ತಂತಿಗಳನ್ನು ಏಣಿಯ ಹಾಗೆ ಸಮಾನಾಂತರ ಎಳೆಯುವುದು, ನಡುನಡುವೆ ಮೆಟ್ಟಿಲಿನ ಹಾಗೆ ಪ್ಲಾಸ್ಟಿಕ್ ಕಡ್ಡಿ. ಕೊಆಕ್ಸ್ ಬರುವ ಮೊದಲು ತುಂಬ ಹ್ಯಾಮ್‌ಗಳು ಬಳಸಿದ್ದು ಇದನ್ನೇ. ಮರದ ಕಡ್ಡಿಗಳನ್ನು ಮೇಣದಲ್ಲಿ ಕುದಿಸಿ ಹಾಕುತ್ತಿದ್ದರು. ನಷ್ಟ 30 ಮೀಟರಿಗೆ 0.1 ಡಿಬಿಯ ಆಸುಪಾಸು. ಆರ್‌ಜಿ-213 ಕೂಡ ಇದರ ಹತ್ತಿರ ಸುಳಿಯುವುದಿಲ್ಲ.

ಇದರ ಲೆಕ್ಕ ನನಗೆ ತುಂಬ ಇಷ್ಟ. ಮನೆ ವಯರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿ 90 ಮೀಟರಿನ ಸುರುಳಿಯಲ್ಲಿ ಬರುತ್ತದೆ. ಎರಡು ತಂತಿ, 30 ಮೀಟರ್ ಒಂದೊಂದು, 60 ಆಯಿತು. 40 ಮೀಟರ್ ಬ್ಯಾಂಡಿನ ಡೈಪೋಲಿಗೆ 20 ಮೀಟರ್ ಮತ್ತು ಚೂರು. ಇನ್ನೂ ಸುಮಾರು 10 ಮೀಟರ್ ಕೈಯಲ್ಲಿ ಉಳಿಯುತ್ತದೆ. ಒಂದೇ ಸುರುಳಿಯಲ್ಲಿ ಆಂಟೆನಾ, ಅಲ್ಲಿಗೆ ಹೋಗುವ ಫೀಡರ್ ಎರಡೂ ಮುಗಿಯಿತು! ತಂತಿಗಳ ನಡುವೆ 10 ಸೆಂಟಿಮೀಟರ್ ಅಂತರ ಕೊಟ್ಟರೆ ಸುಮಾರು 600 ಓಮ್ ಬರುತ್ತದೆ. ಅಂತರ ಒಂದು ಸೆಂಟಿಮೀಟರ್ ಆಚೆ ಈಚೆ ಆದರೆ ಏನೂ ಮುಳುಗುವುದಿಲ್ಲ. ಕಡ್ಡಿಗೆ ಕರೆಂಟ್ ವಯರಿಂಗಿನ ಬಿಳಿ ಪಿವಿಸಿ ಪೈಪ್ ಹನ್ನೊಂದೂವರೆ ಸೆಂಟಿಮೀಟರಿನ ತುಂಡು ಮಾಡಿ, ಎರಡೂ ತುದಿಗೆ ತೂತು ಕೊರೆಯಿರಿ. 60 ಸೆಂಟಿಮೀಟರಿಗೊಂದು ಹಾಕಿದರೆ 50 ತುಂಡು, 3 ಮೀಟರಿನ ಎರಡು ಪೈಪ್ ಸಾಕು. ಪ್ಲಾಸ್ಟಿಕ್ಕಿನ ಮೇಲೆ ಅನುಮಾನ ಇದ್ದರೆ ಒಂದು ತುಂಡನ್ನು ಒಂದು ಲೋಟ ನೀರಿನ ಜೊತೆ ಮೈಕ್ರೋವೇವ್ ಒಲೆಯಲ್ಲಿ ಒಂದು ನಿಮಿಷ ಇಡಿ. ನೀರು ಮಾತ್ರ ಬಿಸಿಯಾಗಿ ತುಂಡು ತಣ್ಣಗೇ ಇದ್ದರೆ ಪಾಸು.

ಇಷ್ಟು ಒಳ್ಳೆಯದಾದರೆ ಎಲ್ಲರೂ ಯಾಕೆ ಹಾಕುವುದಿಲ್ಲ? ಇದಕ್ಕೆ ಟ್ಯೂನರ್ ಬೇಕು, ಅಂದರೆ ಓಮುಗಳನ್ನು ರೇಡಿಯೊಗೆ ಹೊಂದಿಸುವ ಪೆಟ್ಟಿಗೆ. ಬ್ಯಾಲನ್ ಬೇಕು, ಅಂದರೆ ಜೋಡಿ ತಂತಿಯನ್ನು ಕೊಆಕ್ಸ್ ಸಾಕೆಟ್ಟಿಗೆ ಹೊಂದಿಸುವ ಭಾಗ. ನಿಮ್ಮ ರೇಡಿಯೊದಲ್ಲಿ ಟ್ಯೂನರ್ ಇಲ್ಲ. 10 ವಾಟಿಗೆ ಹಳೆಯ ರೇಡಿಯೊದ ಗ್ಯಾಂಗ್ ಕಂಡೆನ್ಸರಿನಿಂದ ಮಾಡಿಕೊಳ್ಳಬಹುದು, ಆದರೆ ಅದು ಇನ್ನೊಂದು ಭಾನುವಾರದ ಕೆಲಸ. ಬಯಲು ತಂತಿಯನ್ನು ತಗಡಿನ ಮಾಡಿಗೋ ಕಬ್ಬಿಣದ ಕಿಟಕಿ ಸರಳಿಗೋ ತಾಗಿಸಿ ಎಳೆಯುವ ಹಾಗೂ ಇಲ್ಲ. ಕನಿಷ್ಠ 20-30 ಸೆಂಟಿಮೀಟರ್ ದೂರ ಇರಬೇಕು. ನೆಲದಲ್ಲಿ ಹೂಳುವ ಮಾತೇ ಇಲ್ಲ. ಲಾಭ ಏನಪ್ಪಾ ಅಂದರೆ, ಅದೇ ಡೈಪೋಲ್ 20, 15, 10 ಮೀಟರ್ ಬ್ಯಾಂಡುಗಳಲ್ಲೂ ದುಡಿಯುತ್ತದೆ.

ದೂರದರ್ಶನದ ಕಾಲದಲ್ಲಿ ಮನೆಮನೆಯ ಆಂಟೆನಾದಿಂದ ಚಪ್ಪಟೆ 300 ಓಮ್ ತಂತಿ ಇಳಿಯುತ್ತಿತ್ತು, ನೆನಪಿದೆಯಾ? ಅದೂ ಇದೇ ಜಾತಿ. ಒಣಗಿದ್ದಾಗ ಚೆನ್ನ, ನೆನೆದರೆ ನಷ್ಟ ಏರುತ್ತದೆ. ಎಲ್ಲಾದರೂ ಸಿಕ್ಕರೂ ನಿಮ್ಮ ಮಳೆಗೆ ಬೇಡ. ಮಾಮೂಲಿ ಜೋಡಿ ವಯರ್ ಸುಮಾರು 100 ಓಮಿನದ್ದು, 40 ಮೀಟರಿನಲ್ಲಿ ಆರ್‌ಜಿ-58ಕ್ಕೆ ಹತ್ತಿರದ ಸಾಧನೆ, ಮೇಲಿನ ಬ್ಯಾಂಡುಗಳಲ್ಲಿ ಕೈಕೊಡುತ್ತದೆ. ಕಂಪ್ಯೂಟರಿನ ಕ್ಯಾಟ್-5 ಕೇಬಲ್ಲಿನ ಒಂದು ಜೋಡಿಯೂ 100 ಓಮ್. 30 ಮೀಟರಿಗೆ 1.6 ಡಿಬಿಯ ಸುಮಾರು ಹೋಗುತ್ತದೆ. ಬೆಟ್ಟಕ್ಕೆ ಹೊತ್ತುಕೊಂಡು ಹೋಗಿ ಒಂದು ದಿನ ಆಡಿ ಬರಲು ಸರಿ, ತೋಟದಲ್ಲಿ ಕಾಯಂ ಹಾಕಲು ಬೇಡ.

ಇನ್ನು ನಿಮ್ಮ 2 ಮೀಟರ್ ಆಸೆ. ಇಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತದೆ. 145 ಮೆಗಾಹರ್ಟ್ಸಿನಲ್ಲಿ 15 ಮೀಟರ್ ಆರ್‌ಜಿ-58 ಹಾಕಿದರೆ ಹತ್ತಿರ ಹತ್ತಿರ ಮೂರು ಡಿಬಿ, ಅಂದರೆ ಅರ್ಧ ಪವರ್ ಹೋಯಿತು. ನಿಮ್ಮನ್ನು ಹೆದರಿಸಿದವರ ಮಾತು ಇಲ್ಲಿ ನಿಜ. ಅಷ್ಟೇ ಉದ್ದದ ಆರ್‌ಜಿ-6 ಸುಮಾರು 1.2 ಡಿಬಿ ತಿನ್ನುತ್ತದೆ. ಆರ್‌ಜಿ-213 ಎಷ್ಟು? ಅದೂ 1.2ರಿಂದ 1.3! ನೀವು ರೇಟು ಕೇಳಿ ವಾಪಸ್ ಬಂದ ಕೇಬಲ್ಲೂ ನಿಮ್ಮ ಅಟ್ಟದ ಕೇಬಲ್ಲೂ ಈ ಬ್ಯಾಂಡಿನಲ್ಲಿ ಒಂದೇ ಸಮ. ಆರ್‌ಜಿ-213ರ ಒಳಗೆ ಗಟ್ಟಿ ಪ್ಲಾಸ್ಟಿಕ್, ಆರ್‌ಜಿ-6ರ ಒಳಗೆ ಗಾಳಿಗುಳ್ಳೆ ತುಂಬಿದ ನೊರೆ. ದಪ್ಪದಲ್ಲಿ ಸೋತದ್ದನ್ನು ಇದು ನೊರೆಯಲ್ಲಿ, ಓಮಿನಲ್ಲಿ ಗೆದ್ದುಕೊಳ್ಳುತ್ತದೆ. ಇನ್ನೂ ಒಳ್ಳೆಯದು ಬೇಕಾದರೆ ನಿಮ್ಮೂರಿನ ಕೇಬಲ್ ಟಿವಿಯವರನ್ನು ಮಾತಾಡಿಸಿ. ಫೈಬರ್ ಎಳೆದವರ ಹತ್ತಿರ ಆರ್‌ಜಿ-11 ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಅದೂ 75 ಓಮ್, ಬೆರಳು ದಪ್ಪ, ನಷ್ಟ ಇನ್ನೂ ಕಡಿಮೆ. ಗುಜರಿ ಅಂಗಡಿಯಲ್ಲಿ ಸಿಕ್ಕರೆ ಮಾತ್ರ ಎಲ್ಲಿಂದ ಬಂತು ಅಂತ ಕೇಳಿಯೇ ತನ್ನಿ.

50 ಓಮ್ ಕೇಬಲ್ ದುಡ್ಡು ಕೊಟ್ಟು ಯಾವಾಗ ತರಬೇಕು? ನಾನು ತರುವುದು ಒಂದೆರಡು ಮೀಟರಿನ ತುಂಡುಗಳಿಗೆ ಮಾತ್ರ, ರೇಡಿಯೊ ಮತ್ತು ಮೀಟರಿನ ನಡುವೆ ಹಾಕಲು. ಅಷ್ಟು ಗಿಡ್ಡ ಇದ್ದರೆ ಆರ್‌ಜಿ-58 ಧಾರಾಳ ಸಾಕು. ತರುವಾಗ ತುದಿ ಸುಲಿದು ಜಾಲರಿ ನೋಡಿ. ಎಳೆಗಳ ನಡುವೆ ಒಳಗಿನ ಬಿಳಿ ಪ್ಲಾಸ್ಟಿಕ್ ಢಾಳಾಗಿ ಕಾಣುತ್ತಿದ್ದರೆ, ಮೇಲೆ ಏನೇ ಅಚ್ಚಾಗಿರಲಿ, ಅದು ಹೆಸರಿಗೆ ಮಾತ್ರ ಆರ್‌ಜಿ-58.

ಏರಿಸುವಾಗ ಎರಡು ಮಾತು. ಅಡಿಕೆ ಮರ ಗಾಳಿಗೆ ತುಂಬ ತೂಗುತ್ತದೆ. ಹಗ್ಗವನ್ನು ಬಿಗಿದು ಕಟ್ಟಿದರೆ ಮೊದಲ ಗಾಳಿಗೇ ತಂತಿ ತುಂಡಾಗುತ್ತದೆ. ಒಂದು ತುದಿಗೆ ರಾಟೆ ಹಾಕಿ, ಹಗ್ಗದ ಕೊನೆಗೆ ಮರಳು ತುಂಬಿದ ಬಾಟಲಿ ತೂಗುಬಿಡಿ. ಹಗ್ಗ ಮೇಲೇರಿಸಲು ಅಡಿಕೆ ಗೊನೆ ಕೊಯ್ಯುವ ದೋಟಿಗಿಂತ ಒಳ್ಳೆಯ ಸಾಧನ ಇಲ್ಲ. ಆದರೆ ಅಲ್ಯೂಮಿನಿಯಂ ದೋಟಿಯಾಗಲಿ ಕಾರ್ಬನ್ ಫೈಬರ್ ದೋಟಿಯಾಗಲಿ, ಎರಡರಲ್ಲೂ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಆ ಕಡೆಯ ಮರ ಮರೆತುಬಿಡಿ. ಆಂಟೆನಾ ತಂತಿ ತುಂಡಾಗಿ ಬಿದ್ದರೂ ಲೈನಿಗೆ ತಾಗಬಾರದು, ಅಷ್ಟು ದೂರ ಬೇಕು.

ಏಪ್ರಿಲ್-ಮೇ ಗುಡುಗಿನ ಕಾಲದಲ್ಲಿ ಮಾತು ಮುಗಿದ ಕೂಡಲೇ ಕೇಬಲ್ ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಿ. ಮೋಡ ಕಂಡ ಮೇಲೆ ಬಿಚ್ಚಲು ಓಡಬೇಡಿ. ನೆಲದ ಮೇಲೆ ಹಾದುಹೋಗುವ ಕಡೆ ಕೇಬಲ್ಲನ್ನು ತೋಟದ ಹಳೆಯ ಪಿವಿಸಿ ಪೈಪಿನೊಳಗೆ ತೂರಿಸಿ, ಎರಡೂ ಬಾಯಿಗೆ ತಂತಿ ಜಾಲರಿ ತುರುಕಿ. ಹೆಗ್ಗಣಕ್ಕೆ 50 ಓಮು, 75 ಓಮು ಎರಡೂ ಒಂದೇ ರುಚಿ.